ಬೆಚ್ಚಮ್ಮ ಐಸ್ ಇಟ್ಟ ದಿನ

ನನ್ನ ನಾದಿನಿಯನ್ನು ಆಫೀಸಿನಲ್ಲಿ ಎಲ್ಲರೂ ಬೆಚ್ಚಮ್ಮ ಎನ್ನುತ್ತಿದ್ದರು. ಹೆತ್ತವರು ಇಟ್ಟ ಹೆಸರು ಬೇರೆ. ಆ ಹೆಸರನ್ನು ಒಬ್ಬ ಮಹಾನುಭಾವ ಅಚ್ಚು ಹಾಕಿಸಿ, ಹಾಕಿಸಿದ ಕೈಯಲ್ಲೇ ಮಸಿ ಬಳಿದ. ಅದನ್ನು ತೊಳೆಯಲು ಅವಳಿಗೆ ಆರು ವರ್ಷ ಹಿಡಿಯಿತು. ಹೇಳಹೊರಟಿರುವುದು ಅದನ್ನೇ. ನಡುವೆ ನಾನು ಬೈದರೆ ಹೊಟ್ಟೆಗೆ ಹಾಕಿಕೊಳ್ಳಿ. ನನ್ನ ಬಾಯಿ ಮೊದಲಿನಿಂದಲೂ ಹಾಗೆಯೇ. ಮದುವೆಯಾಗಿ ಬಂದ ಮೂರನೇ ದಿನ ಅತ್ತೆ ತಮ್ಮ ಮಗನನ್ನು ಕರೆದು, "ಸೊಸೆ ತಾರೋ ಅಂದ್ರೆ ಮೈಕ್ ತಂದಿದ್ದೀಯಲ್ಲೋ" ಎಂದಿದ್ದರು. ಅತ್ತೆಗೆ ಕಿವಿ ಮಂದ. ಅವರಿಗೆ ಕೇಳಿಸುವಂತೆ ಮಾತಾಡುವವಳು ಮನೆಯಲ್ಲಿ ನಾನೊಬ್ಬಳೇ ಆದ್ದರಿಂದ ನಮ್ಮಿಬ್ಬರಿಗೆ ಚೆನ್ನಾಗಿಯೇ ಹೊಂದಿಕೊಂಡಿತು.

ಜೀವಕೋಶಗಳ ಮೇಲೆ ಸಂಶೋಧನೆ ಮಾಡುವ ಒಂದು ಸಂಸ್ಥೆಯ ಸ್ಟೋರಿನಲ್ಲಿ ನನಗೆ ಕೆಲಸ. ಕೈಗವಸು, ಸೀಸೆ, ಗಾಜಿನ ತಟ್ಟೆ, ಬಾಗಿಲ ಪಕ್ಕದ ಯಂತ್ರದಲ್ಲಿ ಬೀಳುವ ಐಸು, ಯಾವುದು ಬೇಕಾದರೂ ಚೀಟಿ ಬರೆದು ಮೇಲಿನವರ ಸಹಿ ಹಾಕಿಸಿ ತರಬೇಕು. ಚೀಟಿ ಇಲ್ಲದೆ ನನ್ನಪ್ಪ ಎದ್ದು ಬಂದರೂ ಒಂದು ರಬ್ಬರ್ ಬ್ಯಾಂಡ್ ಕೊಡುವವಳಲ್ಲ ನಾನು. ಎರಡನೇ ಮಹಡಿಯ ಲ್ಯಾಬಿಗೆ ಸಹಾಯಕಿ ಬೇಕು ಎಂದಾಗ ನಾದಿನಿಯನ್ನು ಸೇರಿಸಿದವಳೂ ನಾನೇ. ಆಗ ಅವಳಿಗೆ ಇಪ್ಪತ್ತಮೂರು. ಆ ಲ್ಯಾಬಿನ ಯಜಮಾನನನ್ನು ಎಲ್ಲರೂ 'ದೊಡ್ಡವರು' ಎನ್ನುತ್ತಿದ್ದರು. ಎತ್ತರದಲ್ಲಿ ನನ್ನ ಭುಜಕ್ಕೆ ಬರುತ್ತಿದ್ದ ಆಸಾಮಿ.

ಅಲ್ಲಿ ಬೆಚ್ಚಮ್ಮ ಇಪ್ಪತ್ತು ವರ್ಷ ಸಾಕಿದ್ದು ಒಂದು ಪ್ರತಿಕಾಯವನ್ನು, ಲ್ಯಾಬಿನವರ ಬಾಯಲ್ಲಿ ಆಂಟಿಬಾಡಿ. ಅದೇನು ಎಂದು ನನಗೆ ಅವಳು ತಿಳಿಸಿದ ಹಾಗೆಯೇ ಹೇಳುತ್ತೇನೆ. ಮನೆಗೆ ಕಂಬ ತೊಲೆ ಇದ್ದ ಹಾಗೆ ಜೀವಕೋಶದ ಒಳಗೂ ಪ್ರೋಟೀನಿನ ಕಂಬಗಳಿರುತ್ತವಂತೆ. ಹೊಸ ಕಂಬಗಳು ಗಳಿಗೆಗೊಮ್ಮೆ ಏಳುತ್ತವೆ, ಬೀಳುತ್ತವೆ. ಬೀಳದೆ ಬಹಳ ಹೊತ್ತು ನಿಂತ ಕಂಬಕ್ಕೆ ಮಾತ್ರ ಕೋಶ ತಾನೇ ಒಂದು ರಾಸಾಯನಿಕ ಮುದ್ರೆ ಒತ್ತುತ್ತದೆ. ಇವಳ ಪ್ರತಿಕಾಯ ಹೊಸ ಕಂಬವನ್ನು ಮೂಸಿಯೂ ನೋಡದೆ, ಮುದ್ರೆ ಬಿದ್ದ ಹಳೆಯದನ್ನೇ ಹುಡುಕಿ ಹೋಗಿ ಅಂಟಿಕೊಳ್ಳುತ್ತಿತ್ತು. ಅದಕ್ಕೊಂದು ಹಸಿರು ಬಣ್ಣ ಕಟ್ಟಿದರೆ ಸೂಕ್ಷ್ಮದರ್ಶಕದಲ್ಲಿ ಹಳೆಯ ಕಂಬಗಳಷ್ಟೇ ಹಸಿರಾಗಿ ಕಾಣುತ್ತವೆ. ಹೊಸದು ಹಳೆಯದು ಎನ್ನದೆ ಎಲ್ಲ ಕಂಬಗಳನ್ನೂ ತೋರಿಸಲು ಬೇರೊಂದು ಪ್ರತಿಕಾಯ ಇತ್ತು, ಅದಕ್ಕೆ ಕೆಂಪು. ಈ ಹಸಿರಿನದನ್ನು ಸುರಿಸುತ್ತಿದ್ದದ್ದು ಸೀಸೆಯಲ್ಲಿ ಬೆಳೆಯುವ ಇಲಿಯ ಕೋಶಗಳು. ಅವುಗಳಿಗೆ ಎರಡು ದಿನಕ್ಕೊಮ್ಮೆ ಊಟ ಬದಲಿಸಬೇಕು. ಭಾನುವಾರ ರಜೆ ಎಂದರೆ ಅವುಗಳಿಗೆ ಅರ್ಥವಾಗುವುದಿಲ್ಲ.

ಹೀಗಾಗಿ ಭಾನುವಾರವೂ ಇವಳು ಚೀಲ ಹೆಗಲಿಗೆ ಹಾಕಿ ಹೊರಡುತ್ತಿದ್ದಳು. "ಎಲ್ಲಿಗೆ?" ಎಂದು ಅತ್ತೆ ಕೇಳಿದರೆ "ಆಂಟಿಬಾಡಿ ಅಮ್ಮಾ" ಎನ್ನುತ್ತಿದ್ದಳು.

"ಯಾವ ಆಂಟಿ? ಬಾಡಿ ಹೋದ್ರಾ? ಪಾಪ, ಏನಾಗಿತ್ತೇ ಅವರಿಗೆ?"

ನಾನೂ ನನ್ನ ಗಂಡನೂ ಬಿದ್ದು ಬಿದ್ದು ನಗುತ್ತಿದ್ದೆವು. ಆಮೇಲೆ ಅದೇ ಮಾತು ಮನೆಯಲ್ಲಿ ನಿಂತುಹೋಯಿತು. ಕೆಲಸ ಹೇಗಾಯಿತು ಎಂದು ಕೇಳುವ ಬದಲು "ಆಂಟಿ ಬಾಡಿಲ್ಲ ತಾನೇ?" ಎಂದು ಕೇಳುತ್ತಿದ್ದೆವು.

ಬೆಚ್ಚಮ್ಮ ಎಂಬ ಹೆಸರು ಬಂದದ್ದು ಒಂದು ಹಟದಿಂದ. ಲ್ಯಾಬುಗಳಲ್ಲಿ ಪ್ರೋಟೀನು ಎಂದರೆ ಸಾಕು, ಐಸಿನ ಮೇಲೆ ಇಡು ಎನ್ನುತ್ತಾರೆ. ಇಲ್ಲದಿದ್ದರೆ ಕೆಡುತ್ತದೆಂಬ ಭಯ. ದೊಡ್ಡವರು ಬರೆದಿಟ್ಟ ವಿಧಾನದ ಶೀಟಿನಲ್ಲೂ ಮೂರನೇ ಸಾಲು ಅದೇ: ಕೋಶ ಬೆಳೆದ ಗಾಜಿನ ಬಿಲ್ಲೆಯನ್ನು ಅರ್ಧ ಗಂಟೆ ಐಸಿನ ಮೇಲೆ ಇಡತಕ್ಕದ್ದು, ಅನಂತರ ಕೋಶವನ್ನು ಇದ್ದಂತೆಯೇ ಹಿಡಿದು ನಿಲ್ಲಿಸುವ ದ್ರಾವಣ ಹಾಕತಕ್ಕದ್ದು. ಸೇರಿದ ವರ್ಷವೇ ಬೆಚ್ಚಮ್ಮನಿಗೆ ಒಂದು ಗೊತ್ತಾಯಿತು. ಚಳಿಗೆ ಹೊಸ ಕಂಬಗಳು ದಬದಬನೆ ಬಿದ್ದು ಕರಗುತ್ತವೆ. ಮುದ್ರೆಯ ಹಳೆಯ ಕಂಬಗಳು ಮಾತ್ರ ಚಳಿ ತಡೆದು ನಿಲ್ಲುತ್ತವೆ. ಆಗ ಬಿಲ್ಲೆ ನೋಡಿದವರಿಗೆ ಕೋಶದ ತುಂಬ ಮುದ್ರೆಯ ಕಂಬವೇ ಇತ್ತು ಎನ್ನಿಸುತ್ತದೆ. ಅರ್ಧ ಊರು ಖಾಲಿ ಮಾಡಿಸಿ, ಈ ಊರಲ್ಲಿ ಮುದುಕರೇ ಜಾಸ್ತಿ ಎಂದ ಹಾಗೆ.

ಎರಡು ಸಲ ದೊಡ್ಡವರಿಗೆ ಹೇಳಿ ನೋಡಿದಳು. ಮೊದಲ ಸಲ ನಕ್ಕರು. ಎರಡನೇ ಸಲ, "ಡಾಕ್ಟರೇಟ್ ನನಗೆ ಬಂದಿರೋದಾ, ನಿನಗಾ?" ಎಂದರು. ಇವಳು ಮೂರನೇ ಸಲ ಹೇಳಲಿಲ್ಲ. ತನ್ನ ಪಾಡಿಗೆ ಬಿಸಿ ತಟ್ಟೆಯ ಮೇಲೆ ಟವೆಲ್ ಮಡಿಸಿ ಹಾಸಿ, ಮೈಯ ಬಿಸಿಗೆ ಸರಿಯಾಗಿ ಬಿಲ್ಲೆಗಳನ್ನೂ ದ್ರಾವಣವನ್ನೂ ಬೆಚ್ಚಗಿಟ್ಟು ಕೆಲಸ ಮುಗಿಸುತ್ತಿದ್ದಳು. ಚಿತ್ರಗಳು ಕಣ್ಣಿಗೆ ಹಬ್ಬದಂತೆ ಬರುತ್ತಿದ್ದವು. ದೊಡ್ಡವರು ಅವನ್ನು ಅಚ್ಚು ಹಾಕಿಸಿ, ಕೆಳಗೆ ತಮ್ಮ ಶೀಟನ್ನೂ ಛಾಪಿಸಿ, ಹಾರ ಹಾಕಿಸಿಕೊಂಡು ಬರುತ್ತಿದ್ದರು. ದುಡಿದವಳ ಹೆಸರು ಒಂದು ಮೂಲೆಯಲ್ಲೂ ಇರುತ್ತಿರಲಿಲ್ಲ. ನಾನು ಕೂಗಾಡಿದರೆ ಇವಳು, "ಹೋಗ್ಲಿ ಬಿಡಿ ಅತ್ತಿಗೆ, ಚಿತ್ರ ಚೆನ್ನಾಗಿ ಬಂತಲ್ಲ" ಎನ್ನುತ್ತಿದ್ದಳು. ಇಷ್ಟು ಒಳ್ಳೆಯತನ ಮೈಗೆ ಒಳ್ಳೆಯದಲ್ಲ ಎಂದು ನಾನು ಆಗಲೇ ಹೇಳಿದ್ದೆ.

ಒಂದು ಸಲ ಅತ್ತೆ ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡರು. ಬೆಚ್ಚಮ್ಮ ಹತ್ತು ದಿನ ರಜೆ ಹಾಕಿದಳು, ಕೆಲಸಕ್ಕೆ ಸೇರಿದ ಮೇಲೆ ಮೊದಲ ಉದ್ದನೆಯ ರಜೆ. ಆ ಹತ್ತು ದಿನದಲ್ಲಿ ದೊಡ್ಡವರ ಅಳಿಯ, ಅದೇ ಲ್ಯಾಬಿನಲ್ಲಿದ್ದವನು, ಒಂದು ಹೊಸ ಔಷಧಿಯ ಪ್ರಯೋಗ ಮಾಡಿದ. ಔಷಧಿ ಹಾಕಿದ ಕೋಶಗಳನ್ನು ಶೀಟು ನೋಡಿಕೊಂಡು ಐಸಿನ ಮೇಲಿಟ್ಟ. ಔಷಧಿ ಹಾಕದ ಕೋಶದ ಚಿತ್ರವನ್ನು ಹೊಸದಾಗಿ ತೆಗೆಯಲು ಸೋಮಾರಿತನ, ಬೆಚ್ಚಮ್ಮನ ಹಳೆಯ ಬೆಚ್ಚಗಿನ ಬಿಲ್ಲೆಯದನ್ನು ಪಕ್ಕದಲ್ಲಿ ಅಂಟಿಸಿದ. ಬೆಚ್ಚಗಿನದರಲ್ಲಿ ಕೆಂಪಿನ ನಡುವೆ ಅಲ್ಲೊಂದು ಇಲ್ಲೊಂದು ಹಸಿರು. ಐಸಿನದರಲ್ಲಿ ಇದ್ದದ್ದೆಲ್ಲ ಹಸಿರೇ. ಔಷಧಿಯಿಂದ ಕಂಬಗಳೆಲ್ಲ ಗಟ್ಟಿಯಾದವು ಎಂದು ಮಾವ ಅಳಿಯ ಕುಣಿದಾಡಿದರು. ದೊಡ್ಡ ವಿಜ್ಞಾನ ಪತ್ರಿಕೆಯಲ್ಲಿ ಅಚ್ಚಾಯಿತು, ಪ್ರಶಸ್ತಿಯೂ ಬಂತು.

ಬೇರೆ ಬೇರೆ ಕಡೆಯವರು ಅದೇ ಶೀಟು ಹಿಡಿದು ಮಾಡಿ ನೋಡಿದರು. ಅವರು ಎರಡೂ ಬಿಲ್ಲೆಗಳನ್ನು ಐಸಿನ ಮೇಲೆ ಇಟ್ಟರು, ಎರಡೂ ಒಂದೇ ಥರ ಬಂದವು. ಔಷಧಿಯ ಪವಾಡ ಎಲ್ಲಿ ಎಂದು ಪತ್ರಗಳು ಬಂದವು, ವಿಚಾರಣೆಗೆ ದಿನ ಗೊತ್ತಾಯಿತು. ಅದಕ್ಕೆ ಮೂರು ದಿನ ಮುಂಚೆ ನನ್ನ ಸ್ಟೋರಿಗೆ ಒಂದು ಚೀಟಿ ಬಂತು: ಬಿಸಿ ತಟ್ಟೆ ಒಂದು, ದೊಡ್ಡವರ ಸ್ವಂತ ಕೋಣೆಗೆ. ಹತ್ತು ವರ್ಷದಿಂದ ಒಂದು ಬಿಲ್ಲೆ ಮುಟ್ಟದ ಮನುಷ್ಯನಿಗೆ ಬಿಸಿ ತಟ್ಟೆ ಯಾಕೆ? ಎರಡು ದಿನ ಬಾಗಿಲು ಹಾಕಿಕೊಂಡು ಒಳಗೇ ಇದ್ದರು. ಹೊರಗೆ ಬಂದಾಗ ಮುಖ ಬಿಳಿಚಿಕೊಂಡಿತ್ತು. ಗೊತ್ತಾಗಿತ್ತು ಅವರಿಗೆ. ತಪ್ಪು ಪ್ರತಿಕಾಯದ್ದಲ್ಲ, ತಮ್ಮ ಮೂರನೇ ಸಾಲಿನದು ಎಂದು ಚೆನ್ನಾಗಿಯೇ ಗೊತ್ತಾಗಿತ್ತು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ವಿಚಾರಣೆಯಲ್ಲಿ ದೊಡ್ಡವರು, ಪ್ರತಿಕಾಯವೇ ಕೆಟ್ಟಿತ್ತು, ಸಹಾಯಕಿ ಇನ್ನೊಂದು ಸೀಸೆಯದನ್ನು ಅದಕ್ಕೆ ಬೆರೆಸಿಬಿಟ್ಟಿದ್ದಳು ಎಂದರು. ಇವಳನ್ನು ಕರೆದು ಎರಡು ಮಾತೂ ಕೇಳಲಿಲ್ಲ. ಎರಡನೇ ಮಹಡಿಯಿಂದ ಇಳಿಸಿ ಗಾಜು ತೊಳೆಯುವ ಕೋಣೆಗೆ ಹಾಕಿದರು. ಪತ್ರಿಕೆಯಲ್ಲಿ ಒಂದು ತಿದ್ದುಪಡಿ ಬಂತು, ನಾಲ್ಕು ಸಾಲಿನದು. ಇಂಥ ಹೆಸರಿನ ಸಹಾಯಕಿಯ ಅಜಾಗರೂಕತೆಯಿಂದ ಪ್ರಮಾದ ಜರುಗಿದೆ ಎಂದು. ಇಪ್ಪತ್ತು ವರ್ಷದ ದುಡಿಮೆಯಲ್ಲಿ ಅವಳ ಹೆಸರು ಅಚ್ಚಾದದ್ದು ಅದೇ ಮೊದಲು. ಅವನ ಕೈಗೆ ಹುಳ ಬೀಳ!

ಆ ಹಾಳೆಯನ್ನು ನಾನು ಮನೆಗೆ ತಂದದ್ದೇ ತಪ್ಪಾಯಿತು. ಅತ್ತೆಗೆ ಆ ಪತ್ರಿಕೆಯ ಭಾಷೆ ಬರುತ್ತಿರಲಿಲ್ಲ, ಆದರೆ ಮಗಳ ಹೆಸರಿನ ಅಕ್ಷರ ಮಾತ್ರ ಗುರುತಿತ್ತು.

"ಏ, ಇವಳ ಹೆಸರು! ಏನಂತ ಬರ್ದಿದ್ದಾರೆ, ಓದೇ" ಎಂದರು.

ನಾನು ಹಾಳಾದವಳು. ಜನ್ಮದಲ್ಲಿ ಸುಳ್ಳು ಹೇಳದವಳು ಅಂದು ಬಾಯಿ ಬಿಟ್ಟು, "ತುಂಬಾ ಚೆನ್ನಾಗಿ ಕೆಲಸ ಮಾಡಿದಾಳೆ ಅಂತ ಬರ್ದಿದ್ದಾರೆ ಅತ್ತೆ" ಎಂದುಬಿಟ್ಟೆ.

ಅವರು ಆ ನಾಲ್ಕು ಸಾಲನ್ನು ಕತ್ತರಿಸಿ ತಮ್ಮ ಕನ್ನಡಕದ ಡಬ್ಬಿಯಲ್ಲಿ ಮಡಿಸಿ ಇಟ್ಟರು. ಹಾಲಿನವನಿಗೆ, ಎದುರು ಮನೆಯವರಿಗೆ, ಗ್ಯಾಸ್ ತಂದವನಿಗೆ, ಎಲ್ಲರಿಗೂ ತೋರಿಸಿದ್ದೇ ತೋರಿಸಿದ್ದು. ಬೆಚ್ಚಮ್ಮ ಅದನ್ನು ನೋಡಿಕೊಂಡು ಗೋಡೆಗೆ ಮುಖ ಹಾಕಿ ಕೂರುತ್ತಿದ್ದಳು. ಕೊನೆಗೊಂದು ದಿನ ರಕ್ತದೊತ್ತಡ ನೋಡಲು ಬರುತ್ತಿದ್ದ ನರ್ಸಮ್ಮನಿಗೂ ತೋರಿಸಿದರು. ಅವಳಿಗೆ ಆ ಭಾಷೆ ಬರುತ್ತಿತ್ತು. "ಇದ್ರಲ್ಲಿ ನಿಮ್ಮ ಮಗಳದೇ ತಪ್ಪು ಅಂತ ಇದೆಯಲ್ಲಮ್ಮ" ಎಂದಳು. ಹತ್ತು ಸಲ ಕೂಗಿದರೂ ಕೇಳದ ಅತ್ತೆಗೆ ಆ ಮಾತು ಒಂದೇ ಸಲಕ್ಕೆ ಕೇಳಿಸಿತು.

ಸಂಜೆ ಮಗಳು ಬಂದ ಕೂಡಲೇ ಎದುರು ಕೂರಿಸಿಕೊಂಡರು. "ನೀನು ಮಾಡಿದ್ಯಾ?"

"ಇಲ್ಲಮ್ಮ."

"ಆಣೆಗೂ?"

"ನಿನ್ನಾಣೆಗೂ ಇಲ್ಲ."

"ಹಾಗಾದ್ರೆ ಬರೆದೋನ ಬಾಯಿಂದಲೇ ಹೇಳಿಸು. ಅಲ್ಲಿವರೆಗೆ ಈ ಚೀಟಿ ಇಲ್ಲೇ ಇರ್ಲಿ" ಎಂದು ಡಬ್ಬಿಯನ್ನು ಟಪ್ಪೆಂದು ಮುಚ್ಚಿದರು. ನನ್ನ ಸುಳ್ಳಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅದೇ ವರ್ಷ ತೀರಿಕೊಂಡರು.

ಅತ್ತೆ ಹೋದ ಮೇಲೆ ನಾನು ಬೆಚ್ಚಮ್ಮನಿಗೆ ಬಿಸಿ ತಟ್ಟೆಯ ಚೀಟಿಯ ವಿಷಯ ಹೇಳಿದೆ. ಅಲ್ಲಿಯವರೆಗೆ ಅವಳು, ಪಾಪ ದೊಡ್ಡವರು ತಿಳಿಯದೆ ಹೇಳಿದರೇನೋ ಎಂದುಕೊಂಡಿದ್ದಳು.

"ಅಂದ್ರೆ ಗೊತ್ತಿದ್ದೂ ಬರೆಸಿದ್ರು."

"ಗೊತ್ತಿದ್ದೇ ಬರೆಸಿದ್ದು ಕಣೆ. ನಾನು ಹೋಗಿ ಆ ಚೀಟಿ ಮುಖದ ಮೇಲೆ ಎಸೀತೀನಿ ನೋಡು."

"ಬೇಡಿ. ಕೋಣೆ ತಣ್ಣಗಿತ್ತು, ಟೀ ಕಾಯಿಸ್ಕೊಂಡೆ ಅಂತಾರೆ. ಚೀಟಿ ಬಾಯಿ ಬಿಡಲ್ಲ ಅತ್ತಿಗೆ. ಅವರೇ ಬಿಡಬೇಕು."

ಅಂದಿನಿಂದ ಅವಳ ಒಳಗೆ ಏನೋ ಹೆಪ್ಪುಗಟ್ಟಿತು. ತೊಳೆಯುವ ಕೋಣೆಯಲ್ಲಿ ಬೆಳಗಿನಿಂದ ಸಂಜೆವರೆಗೆ ಆವಿ, ಸೋಪಿನ ನೀರು, ಬಿರಿದ ಬೆರಳು. ಮೇಲಿನವರು ಪಾತ್ರೆ ತಂದು ಸಿಂಕಿನಲ್ಲಿ ಎಸೆದು ಹೋಗುವಾಗ, "ಬೆಚ್ಚಮ್ಮ, ಬೆರೆಸಿಬಿಟ್ಟೀಯ, ಹುಷಾರು" ಎಂದು ಕಿಚಾಯಿಸುತ್ತಿದ್ದರು. ಇವಳು ನಗುತ್ತಿದ್ದಳು. ಆ ನಗು ನನಗೆ ಹೆದರಿಕೆ ಹುಟ್ಟಿಸುತ್ತಿತ್ತು. ಮನೆಯಲ್ಲಿ ದಿನಾ ಒಮ್ಮೆ ಕನ್ನಡಕದ ಡಬ್ಬಿ ತೆರೆದು ಆ ನಾಲ್ಕು ಸಾಲು ಓದಿ ಮತ್ತೆ ಮುಚ್ಚುತ್ತಿದ್ದಳು. ಮರೆತುಬಿಡು ಎಂದು ನನ್ನ ಗಂಡ ಹೇಳಿದ. "ಮರೆಯೋಕೆ ಅಲ್ಲ ಅಣ್ಣ ಓದ್ತಿರೋದು" ಎಂದಳು.

ಆರನೇ ವರ್ಷ ಸಂಸ್ಥೆಯ ಮುಖ್ಯಸ್ಥನ ಕುರ್ಚಿ ಖಾಲಿಯಾಯಿತು. ದೊಡ್ಡವರ ಕಣ್ಣು ಅದರ ಮೇಲಿತ್ತು. ಆಯ್ಕೆ ಸಮಿತಿಯಲ್ಲಿ ಮೂವರು. ಅದಕ್ಕೆ ಹಿರಿಯಳು ಬಿಳಿ ಕೂದಲಿನ ಒಬ್ಬ ವಿಜ್ಞಾನಿ, ನಾನು ಅಜ್ಜಿ ಎಂದೇ ಕರೆಯುತ್ತೇನೆ. ಆ ಅಜ್ಜಿ ಹಳೆಯ ಕಥೆ ಎತ್ತಿದಳು. ಪ್ರತಿಕಾಯ ಕೆಟ್ಟಿತ್ತು, ಈಗ ಶುದ್ಧ ಮಾಡಿದ್ದೇವೆ ಎನ್ನುತ್ತೀರಲ್ಲ, ಔಷಧಿ ಇಲ್ಲದ ಸಾದಾ ಕೋಶದಲ್ಲಿ ನಿಮ್ಮ ಶೀಟಿನಂತೆ ನಮ್ಮೆದುರಿಗೇ ಮಾಡಿ ತೋರಿಸಿ ಎಂದಳು. ಅಳಿಯ ಆಗಲೇ ಬೇರೆ ಕಡೆ ಹಾರಿಹೋಗಿದ್ದ. ಉಳಿದವರ ಕೈಯಲ್ಲಿ ಚಿತ್ರ ಸರಿಯಾಗಿ ಬರುತ್ತಿರಲಿಲ್ಲ, ಸಾದಾ ಕೋಶವೂ ಹಸಿರೇ ಹಸಿರು. ಶೀಟಿನ ಮೂರನೇ ಸಾಲು ಹೊಡೆದುಹಾಕಿದ್ದರೆ ಬರುತ್ತಿತ್ತು, ಆದರೆ ಹೊಡೆದುಹಾಕಿದರೆ ತಪ್ಪು ಒಪ್ಪಿಕೊಂಡ ಹಾಗೆ. ಆದ್ದರಿಂದ ಆ ಮನುಷ್ಯ ಆರು ವರ್ಷದಲ್ಲಿ ಮೊದಲ ಬಾರಿಗೆ ತೊಳೆಯುವ ಕೋಣೆಯ ಬಾಗಿಲಿಗೆ ಬಂದರು.

"ಏನಮ್ಮ, ಚೆನ್ನಾಗಿದ್ದೀಯಾ? ಗುರುವಾರ ಒಂದು ದಿನ ಮೇಲೆ ಬಂದು ಕೆಲಸ ಮಾಡಿಕೊಡು. ನಿನ್ನನ್ನ ಮತ್ತೆ ಲ್ಯಾಬಿಗೆ ಹಾಕಿಸ್ತೀನಿ."

"ಹೇಗೆ ಮಾಡ್ಲಿ ಸಾರ್?"

"ಹೇಗೆ ಅಂದ್ರೆ? ಶೀಟಿನಲ್ಲಿ ಇರೋ ಹಾಗೆ."

ಯಾವತ್ತಿನ ಹಾಗೆ ಬೆಚ್ಚಗಿಡು ಎನ್ನಲು ಬಾಯಿ ಬರಲಿಲ್ಲ ಅವರಿಗೆ. ಇವಳು ಹೇಗೂ ಮಾತು ಕೇಳುವವಳಲ್ಲ, ತನ್ನ ಹಟದಂತೆಯೇ ಮಾಡುತ್ತಾಳೆ ಎಂದು ನಂಬಿದ್ದರು. ಅವಳ ಅವಿಧೇಯತೆಯ ಮೇಲೆ ಕುರ್ಚಿ ಹಾಕಿ ಕೂತಿದ್ದರು ಪುಣ್ಯಾತ್ಮ.

ಗುರುವಾರ ಬೆಳಿಗ್ಗೆ ದೊಡ್ಡವರು ಸಹಿ ಹಾಕಬೇಕಾದ ಚೀಟಿಗಳ ಕಟ್ಟನ್ನು ನಾನೇ ಒಯ್ದೆ. ಮೇಲಿನಿಂದ ಐದನೆಯದು: ಐಸು, ಒಂದು ಬಕೆಟ್, ಶೀಟಿನ ಮೂರನೇ ಸಾಲಿಗೆ. ಅವರು ಕನ್ನಡಿಯಲ್ಲಿ ಟೈ ನೋಡಿಕೊಳ್ಳುತ್ತಾ ಸರಸರನೆ ಎಲ್ಲಕ್ಕೂ ಸಹಿ ಎಳೆದರು. ನಾನು ಬಕೆಟ್ ಹೊತ್ತುಕೊಂಡು ಮೇಲೆ ಹೋದೆ. ಹೋದವಳು ವಾಪಸ್ ಬರಲಿಲ್ಲ, ಬಾಗಿಲ ಹಿಂದೆ ನಿಂತೆ. ಸ್ಟೋರಿಗೆ ಬೀಗ ಹಾಕಿ ಬಂದದ್ದು ನನ್ನ ಸರ್ವಿಸಿನಲ್ಲೇ ಅದೊಂದು ದಿನ.

ಸಮಿತಿಯವರ ಎದುರು ಬೆಚ್ಚಮ್ಮ ಮತ್ತೊಮ್ಮೆ ಕೇಳಿದಳು. "ಸಾರ್, ಶೀಟಿನಲ್ಲಿ ಇರೋ ಹಾಗೇ ಮಾಡ್ಬೇಕಾ?"

"ಎಷ್ಟು ಸಲ ಹೇಳ್ಬೇಕಮ್ಮ! ತಲೆ ಓಡಿಸ್ಬೇಡ, ಹೇಳಿದ್ದಷ್ಟು ಮಾಡು" ಎಂದು ಅಜ್ಜಿಯ ಕಡೆ ತಿರುಗಿ ನಕ್ಕರು. ಮೂವರನ್ನೂ ಕಾಫಿಗೆ ಕರೆದೊಯ್ದರು.

ಅವಳು ಒಂದು ಬಿಲ್ಲೆಯನ್ನು ಐಸಿನ ಮೇಲಿಟ್ಟಳು. ಗಡಿಯಾರ ನೋಡಿ ಅರ್ಧ ಗಂಟೆ. ಜೊತೆಯದೇ ಇನ್ನೊಂದನ್ನು ಟವೆಲ್ ಮಡಿಕೆಯೊಳಗೆ ಬಿಸಿ ತಟ್ಟೆಯ ಮೇಲಿಟ್ಟಳು. ಮುಂದಿನದೆಲ್ಲ ಎರಡಕ್ಕೂ ಒಂದೇ: ದ್ರಾವಣ, ಹಸಿರು, ಕೆಂಪು, ತೊಳೆಯುವುದು.

ಊಟ ಮುಗಿಸಿ ಎಲ್ಲರೂ ಸೂಕ್ಷ್ಮದರ್ಶಕದ ಪರದೆಯ ಮುಂದೆ ಕೂತರು. ಐಸಿನ ಬಿಲ್ಲೆ ಪರದೆಯ ಮೇಲೆ ಬಂತು. ಕೆಂಪು ಕಂಬ ನಾಲ್ಕೋ ಐದೋ, ನಿಂತದ್ದೆಲ್ಲದರ ಮೇಲೂ ಹಸಿರು. ಅಜ್ಜಿ ತನ್ನ ಚೀಲದಿಂದ ಹಳೆಯ ಪತ್ರಿಕೆ ತೆಗೆದು ಪಕ್ಕದಲ್ಲಿ ಹಿಡಿದಳು. ಪ್ರಶಸ್ತಿ ತಂದ ಚಿತ್ರ.

"ಎರಡೂ ಒಂದೇ ಥರ ಇದೆಯಲ್ಲ? ಇದಕ್ಕೆ ಔಷಧಿ ಹಾಕೇ ಇಲ್ಲ ತಾನೇ?"

ದೊಡ್ಡವರ ಮುಖ ಬಾಡಿತು. "ಇವಳು... ಇವಳು ಮತ್ತೆ ಬೆರೆಸಿದಾಳೆ, ನೋಡಿ!"

"ಪ್ರತಿಕಾಯದ ಸೀಸೆ ನಿಮ್ಮ ಬೀಗದಲ್ಲಿತ್ತು ಸಾರ್. ಇವರೆದುರೇ ನೀವೇ ತೆಗೆದುಕೊಟ್ರಿ" ಎಂದಳು ಬೆಚ್ಚಮ್ಮ.

ಆಗ ಅವರ ಕಣ್ಣು ಮೇಜಿನ ಕೆಳಗಿನ ಬಕೆಟ್ಟಿನ ಮೇಲೆ ಬಿತ್ತು. ಐಸು ಅರ್ಧ ಕರಗಿತ್ತು. ಮನುಷ್ಯ ಮೈಮರೆತು ಕಿರುಚಿದರು:

"ಐಸಿನ ಮೇಲೆ ಇಟ್ಯಾ? ನಿನಗೇನು ಬುದ್ಧಿ ಕೆಟ್ಟಿದೆಯಾ? ಐಸ್ ಇಟ್ರೆ ಹೊಸ ಕಂಬ ಬಿದ್ದುಹೋಗುತ್ತೆ ಅಂತ ಗೊತ್ತಿಲ್ವಾ? ಇಪ್ಪತ್ತು ವರ್ಷ ಬೆಚ್ಚಗೇ ಇಡ್ತಿದ್ದೆಯಲ್ಲೇ ನೀನು!"

ಅಜ್ಜಿ ಕನ್ನಡಕ ತೆಗೆದು ಒರೆಸಿಕೊಂಡಳು.

"ಇದು ನಿಮಗೆ ಯಾವಾಗಿಂದ ಗೊತ್ತು?" ಎಂದು ಬಹಳ ಮೆತ್ತಗೆ ಕೇಳಿದಳು.

ನನಗೆ ಇನ್ನು ತಡೆಯಲಾಗಲಿಲ್ಲ. ಬಾಗಿಲ ಹಿಂದಿನಿಂದಲೇ, "ಬಿಸಿ ತಟ್ಟೆ ತರಿಸ್ಕೊಂಡ ದಿನದಿಂದ. ವಿಚಾರಣೆಗೆ ಮೂರು ದಿನ ಮುಂಚೆ. ಚೀಟಿ ಇಲ್ಲಿದೆ ನೋಡಿ, ಸಹಿ ಸಮೇತ. ಇವತ್ತಿನ ಐಸಿನ ಚೀಟಿಗೂ ಅವರದೇ ಸಹಿ!" ಎಂದೆ. ನನ್ನ ಗಂಟಲು ಮೂರನೇ ಮಹಡಿಗೂ ಕೇಳಿಸಿರಬೇಕು. ಅತ್ತೆ ಸುಮ್ಮನೆ ಮೈಕ್ ಎಂದಿರಲಿಲ್ಲ.

ಬೆಚ್ಚಮ್ಮ ಎರಡನೇ ಬಿಲ್ಲೆಯನ್ನು ಇಟ್ಟಳು. ಪರದೆ ತುಂಬ ಕೆಂಪು ಕಂಬಗಳು, ನಡುವೆ ಅಲ್ಲೊಂದು ಇಲ್ಲೊಂದು ಹಸಿರು. "ಅದೇ ಸೀಸೆ, ಅದೇ ಕೋಶ, ಬೆಚ್ಚಗೆ ಇಟ್ಟದ್ದು. ಪ್ರತಿಕಾಯ ಆವತ್ತೂ ಕೆಟ್ಟಿರ್ಲಿಲ್ಲ ಮೇಡಂ, ಇವತ್ತೂ ಕೆಟ್ಟಿಲ್ಲ. ಸಾರ್ ಹೇಳಿದ ಹಾಗೆ ನಾನು ಮಾಡಿದ್ದು ಇವತ್ತೊಂದೇ ದಿನ."

ತಾನು ತೋಡಿದ ಹಳ್ಳಕ್ಕೆ ತಾನೇ ಬಿದ್ದವನನ್ನು ಎತ್ತಲು ಯಾರೂ ಬರಲಿಲ್ಲ. ಕುರ್ಚಿ ಹೋಯಿತು, ಪ್ರಶಸ್ತಿ ವಾಪಸ್ ಹೋಯಿತು. ಅನಾರೋಗ್ಯದ ನಿಮಿತ್ತ ಅವಧಿಗೆ ಮೊದಲೇ ನಿವೃತ್ತಿ ಎಂದು ನೋಟಿಸು ಹಾಕಿದರು. ಐಸಿನಿಂದ ಶೀತ ಆಗಿರಬೇಕು ಎಂದು ನಾನು ಸಿಕ್ಕಸಿಕ್ಕವರಿಗೆಲ್ಲ ಹೇಳಿದೆ. ಹೊರಟ ದಿನ ಅವರು ತೊಳೆಯುವ ಕೋಣೆಯ ಬಾಗಿಲಲ್ಲಿ ನಿಂತು, "ಇದಕ್ಕೋಸ್ಕರ ಆರು ವರ್ಷ ಕಾದ್ಯಾ?" ಎಂದರಂತೆ.

"ಇಲ್ಲ ಸಾರ್, ಅರ್ಧ ಗಂಟೆ. ಶೀಟಿನಲ್ಲಿ ಇರೋದು ಅಷ್ಟೇ" ಎಂದಳಂತೆ ಇವಳು, ನಲ್ಲಿ ನಿಲ್ಲಿಸದೆ.

ನಾಲ್ಕು ತಿಂಗಳಿಗೆ ಪತ್ರಿಕೆಯಲ್ಲಿ ಎರಡನೇ ತಿದ್ದುಪಡಿ ಬಂತು. ಈ ಸಲ ಆರು ಸಾಲು. ಬೆಚ್ಚಮ್ಮ ಅದನ್ನು ಕತ್ತರಿಸಿ ಮನೆಗೆ ತಂದಳು. ಅತ್ತೆಯ ಕನ್ನಡಕದ ಡಬ್ಬಿಯನ್ನು ಮೇಜಿನ ಮೇಲಿಟ್ಟು ತೆರೆದಳು. ಹಳೆಯ ಚೀಟಿ ಮಡಿಕೆಯಲ್ಲಿ ಸವೆದು ಎರಡು ತುಂಡಾಗಿತ್ತು. ಹೊಸದನ್ನು ನನ್ನ ಕೈಗೆ ಕೊಟ್ಟಳು.

"ಏನಂತ ಬರ್ದಿದ್ದಾರೆ, ಓದಿ ಅತ್ತಿಗೆ."

ಆರು ವರ್ಷದ ಕೆಳಗೆ ಅತ್ತೆ ಕೇಳಿದ್ದು ಇದೇ ಮಾತು. ನನ್ನ ಕಣ್ಣು ಮಂಜಾಯಿತು. ಈ ಸಲ ಒಂದಕ್ಷರ ಸೇರಿಸದೆ, ಒಂದಕ್ಷರ ಬಿಡದೆ ನಮ್ಮ ಭಾಷೆಯಲ್ಲಿ ಹೇಳತೊಡಗಿದೆ: ಹಿಂದೆ ಪ್ರಕಟವಾದದ್ದು ಸುಳ್ಳು. ಸದರಿ ಸಹಾಯಕಿಯದು ಯಾವ ತಪ್ಪೂ ಇರಲಿಲ್ಲ. ಇದನ್ನು ಪ್ರಯೋಗಾಲಯದ ಮುಖ್ಯಸ್ಥರೇ ಒಪ್ಪಿಕೊಂಡಿದ್ದಾರೆ...

ಬೆಚ್ಚಮ್ಮ ನನ್ನ ಮೊಣಕೈ ಹಿಡಿದು ನಿಲ್ಲಿಸಿದಳು.

"ಜೋರಾಗಿ ಓದಿ ಅತ್ತಿಗೆ. ಅಮ್ಮನಿಗೆ ಕಿವಿ ಕೇಳಿಸಲ್ಲ."